ಆಯುಧ ಅವರಿಗೆ, ಸಾಲ ನಮ್ಮದು: ಶಸ್ತ್ರಾಸ್ತ್ರ ರಫ್ತಿಗೆ ಸರ್ಕಾರವೇ ಹಣ ಹೊಂದಿಸುವುದು ಹೇಗೆ?

2024ರ ಏಪ್ರಿಲ್ ಆಸುಪಾಸಿನಲ್ಲಿ ಭಾರತದಿಂದ ಎರಡು ಸರಕು ಹೊರಟವು. ಒಂದು, ಫಿಲಿಪ್ಪೀನ್ಸ್‌ಗೆ ಹೋದ ಬ್ರಹ್ಮೋಸ್ ಕ್ಷಿಪಣಿಗಳ ಮೊದಲ ಕಂತು. ಇನ್ನೊಂದು, ದಕ್ಷಿಣ ಅಮೆರಿಕದ ಗಯಾನಾ ಸೇನೆಗೆ ಹೋದ ಎರಡು ಡಾರ್ನಿಯರ್-228 ವಿಮಾನ. ಅವು ತಯಾರಾಗಿದ್ದು ಕಾನ್ಪುರದಲ್ಲಿ, ಮಾರಿದ್ದು ಬೆಂಗಳೂರಿನ ಕಬ್ಬನ್ ರಸ್ತೆಯಲ್ಲಿ ಕೇಂದ್ರ ಕಚೇರಿ ಇರುವ ಎಚ್‌ಎಎಲ್. ಸುದ್ದಿಯಲ್ಲಿ ಎರಡಕ್ಕೂ ‘ರಕ್ಷಣಾ ರಫ್ತು’ ಎಂಬ ಒಂದೇ ಹಣೆಪಟ್ಟಿ. ಹಣದ ಲೆಕ್ಕಕ್ಕೆ ಬಂದರೆ ಎರಡರ ಜಾತಿಯೇ ಬೇರೆ. ಫಿಲಿಪ್ಪೀನ್ಸ್ 2022ರ ಜನವರಿಯಲ್ಲಿ ಸಹಿ ಹಾಕಿದ 37.5 ಕೋಟಿ ಡಾಲರ್ ಒಪ್ಪಂದಕ್ಕೆ ತನ್ನದೇ ಬಜೆಟ್‌ನಿಂದ ದುಡ್ಡು ತೆಗೆದಿಟ್ಟಿತು. ಗಯಾನಾದ ವಿಮಾನಗಳಿಗೆ ಹಣ ಹೊಂದಿಸಿದ್ದು ಭಾರತವೇ. ರಫ್ತು-ಆಮದಿಗೆ ಸಾಲ ಕೊಡುವ ಸರ್ಕಾರಿ ಸಂಸ್ಥೆಯಾದ ಎಕ್ಸಿಮ್ ಬ್ಯಾಂಕ್ ಮೂಲಕ ಕೊಟ್ಟ ಸುಮಾರು 2.3 ಕೋಟಿ ಡಾಲರ್ ಸಾಲದಿಂದ.

ಮಾರುವವರೇ ಕೊಳ್ಳುವವರಿಗೆ ದುಡ್ಡು ಕೊಡುವುದು ಎಂದರೆ ವಿಚಿತ್ರ ಅನ್ನಿಸಬಹುದು. ಟ್ರ್ಯಾಕ್ಟರ್ ಸಾಲ ನೆನಪಿಸಿಕೊಳ್ಳಿ. ರೈತನ ಕೈಗೆ ನೋಟು ಬರುವುದಿಲ್ಲ. ಬ್ಯಾಂಕು ನೇರವಾಗಿ ಶೋರೂಮಿಗೆ ಚೆಕ್ ಕೊಡುತ್ತದೆ, ಸಾಲದ ಪತ್ರಕ್ಕೆ ಸಹಿ ಮಾತ್ರ ರೈತನದು. ಶಸ್ತ್ರಾಸ್ತ್ರ ಸಾಲದ ದಾರಿಯೂ ಇದೇ. ಗಯಾನಾದ ಹೆಸರಿನಲ್ಲಿ ಮಂಜೂರಾದ ಹಣ ಭಾರತದ ಗಡಿ ದಾಟುವುದೇ ಇಲ್ಲ. ಮುಂಬೈನ ಎಕ್ಸಿಮ್ ಬ್ಯಾಂಕಿನಿಂದ ಹೊರಟು ಎಚ್‌ಎಎಲ್ ಖಾತೆಗೆ ಬಂದು ನಿಲ್ಲುತ್ತದೆ. ಗಡಿ ದಾಟುವುದು ವಿಮಾನ ಮತ್ತು ಮುಂದಿನ ಹಲವು ವರ್ಷಗಳ ಕಂತಿನ ಹೊಣೆ.

2024–25ರಲ್ಲಿ ಭಾರತದ ರಕ್ಷಣಾ ರಫ್ತು ₹23,622 ಕೋಟಿ. ಇದರಲ್ಲಿ ಖಾಸಗಿ ವಲಯದ ಪಾಲು ₹15,233 ಕೋಟಿ, ಸಾರ್ವಜನಿಕ ವಲಯದ್ದು ₹8,389 ಕೋಟಿ ಎಂದು ಸರ್ಕಾರ ಬಿಡಿಸಿ ಹೇಳುತ್ತದೆ. ನಗದಿಗೆ ಎಷ್ಟು, ಸಾಲಕ್ಕೆ ಎಷ್ಟು ಎಂಬ ವಿಂಗಡಣೆ ಆ ಪ್ರಕಟಣೆಯಲ್ಲಿ ಇರುವುದಿಲ್ಲ. ಜಾಲಹಳ್ಳಿಯ ಬಿಇಎಲ್‌ನಿಂದ ಹಿಡಿದು ಪೀಣ್ಯದ ಶೆಡ್‌ಗಳಲ್ಲಿ ಸಿಎನ್‌ಸಿ ಯಂತ್ರ ಓಡಿಸುವವರವರೆಗೆ ಸಾವಿರಾರು ಜನರ ಕೆಲಸ ಈ ಆರ್ಡರ್‌ಗಳ ಮೇಲೆ ನಿಂತಿರುವ ಊರು ನಮ್ಮದು. ಹಾಗಾಗಿ ಆ ವಿಂಗಡಣೆ ನಮಗೆ ಬೇಕಾದದ್ದೇ.

ಮೂರು ದಾರಿ

ಸರ್ಕಾರ ಹಣ ಹೊಂದಿಸುವ ವಿಧಾನಗಳಿಗೆ ಹೆಸರುಗಳು ಹತ್ತಾರು, ಮೂಲ ಮಾತ್ರ ಮೂರೇ.

ಮೊದಲನೆಯದು ಅನುದಾನ. ವಾಪಸ್ ಕೊಡಬೇಕಿಲ್ಲ, ಆದರೆ ಕೊಟ್ಟವರ ಅಂಗಡಿಯಲ್ಲೇ ಖರ್ಚು ಮಾಡಬೇಕು. ಎರಡನೆಯದು ನೇರ ಸಾಲ. ಸರ್ಕಾರ ಅಥವಾ ಸರ್ಕಾರಿ ಬ್ಯಾಂಕು ಕೊಳ್ಳುವ ದೇಶಕ್ಕೆ ಸಾಲ ಕೊಡುತ್ತದೆ, ಸಾಮಾನ್ಯವಾಗಿ ಮಾರುಕಟ್ಟೆಗಿಂತ ಕಡಿಮೆ ಬಡ್ಡಿಗೆ. ಮೂರನೆಯದು ಖಾತರಿ. ಸಾಲ ಕೊಡುವುದು ಖಾಸಗಿ ಬ್ಯಾಂಕು. ‘ಅವರು ಕಟ್ಟದಿದ್ದರೆ ನಾನು ಕಟ್ಟುತ್ತೇನೆ’ ಎಂದು ಮಾರುವ ದೇಶದ ಸರ್ಕಾರ ಜಾಮೀನು ನಿಲ್ಲುತ್ತದೆ.

ಖಾತರಿಗೆ ಒಳ್ಳೆಯ ಉದಾಹರಣೆ ಫ್ರಾನ್ಸ್. 2015ರಲ್ಲಿ ಈಜಿಪ್ಟ್ 24 ರಫೇಲ್ ಯುದ್ಧವಿಮಾನ ಮತ್ತು ಒಂದು ಫ್ರಿಗೇಟ್ ಹಡಗು ಕೊಂಡಾಗ ಬೆಲೆಯ ದೊಡ್ಡ ಭಾಗವನ್ನು ಫ್ರೆಂಚ್ ಬ್ಯಾಂಕುಗಳು ಸಾಲವಾಗಿ ಕೊಟ್ಟವು, ಸರ್ಕಾರ ಜಾಮೀನು ನಿಂತಿತು. 2021ರಲ್ಲಿ ಇನ್ನೂ 30 ರಫೇಲ್ ಖರೀದಿಗೂ ಅದೇ ಮಾದರಿ: ಕನಿಷ್ಠ 10 ವರ್ಷದ ಸಾಲ, ಶೇ 85ರಷ್ಟಕ್ಕೆ ಫ್ರೆಂಚ್ ಸರ್ಕಾರದ ಖಾತರಿ. ಈ ಶೇ 85 ಎಂಬ ಅಂಕಿ ಸುಮ್ಮನೆ ಬಂದದ್ದಲ್ಲ. ನಾಗರಿಕ ಸರಕಿನ ರಫ್ತು ಸಾಲಗಳಿಗೆ ಶ್ರೀಮಂತ ದೇಶಗಳ ಒಕ್ಕೂಟವಾದ ಒಇಸಿಡಿ 1978ರಲ್ಲಿ ಒಂದು ಒಡಂಬಡಿಕೆ ಮಾಡಿಕೊಂಡಿತು. ಕೊಳ್ಳುವವರು ಕನಿಷ್ಠ ಶೇ 15 ಕೈಯಿಂದ ಹಾಕಬೇಕು ಎಂಬುದು ಬಹುಕಾಲ ಅದರ ಅಡಿಗಲ್ಲಾಗಿತ್ತು. ಕನಿಷ್ಠ ಬಡ್ಡಿ ಎಷ್ಟು, ಗರಿಷ್ಠ ಅವಧಿ ಎಷ್ಟು ಎಂಬುದೂ ಅದರಲ್ಲಿದೆ. ಸದಸ್ಯ ದೇಶಗಳು ಬಡ್ಡಿ ಇಳಿಸುವ ಪೈಪೋಟಿಗೆ ಬಿದ್ದು ತಮ್ಮ ಖಜಾನೆಗಳನ್ನು ಬರಿದು ಮಾಡಿಕೊಳ್ಳಬಾರದು ಎಂಬುದು ಉದ್ದೇಶ. ಆದರೆ ಆ ಒಡಂಬಡಿಕೆಯಿಂದ ಮಿಲಿಟರಿ ಸಾಮಗ್ರಿಯನ್ನು ಹೊರಗಿಟ್ಟಿದ್ದಾರೆ. ವಿದ್ಯುತ್ ಸ್ಥಾವರ ಮಾರುವಾಗ ನಿಯಮ ಉಂಟು, ಟ್ಯಾಂಕ್ ಮಾರುವಾಗ ಇಲ್ಲ. ಶಸ್ತ್ರಾಸ್ತ್ರ ಸಾಲದ ಷರತ್ತುಗಳು ಒಂದೊಂದು ಒಪ್ಪಂದದಲ್ಲಿ ಒಂದೊಂದು ಥರ ಇರುವುದಕ್ಕೂ, ಎಷ್ಟೋ ಸಲ ಗುಟ್ಟಾಗಿಯೇ ಉಳಿಯುವುದಕ್ಕೂ ಇದೇ ದೊಡ್ಡ ಕಾರಣ.

ಅಮೆರಿಕದ ಎರಡು ಪುಸ್ತಕ

ಅಮೆರಿಕದ ವಿಚಾರದಲ್ಲಿ ಎಫ್‌ಎಂಎಸ್ (ಫಾರಿನ್ ಮಿಲಿಟರಿ ಸೇಲ್ಸ್) ಮತ್ತು ಎಫ್‌ಎಂಎಫ್ (ಫಾರಿನ್ ಮಿಲಿಟರಿ ಫೈನಾನ್ಸಿಂಗ್) ಎರಡನ್ನೂ ಪತ್ರಿಕೆಗಳು ಆಗಾಗ ಕಲಸಿಬಿಡುತ್ತವೆ. ಎಫ್‌ಎಂಎಸ್ ಮಾರಾಟದ ದಾರಿ. ಎಫ್‌ಎಂಎಫ್ ಹಣದ ಮೂಲ.

ಎಫ್‌ಎಂಎಸ್‌ನಲ್ಲಿ ಕೊಳ್ಳುವ ದೇಶ ಕಂಪನಿಯ ಜೊತೆ ವ್ಯವಹರಿಸುವುದಿಲ್ಲ. ಬೇಕಾದ್ದನ್ನು ಬರೆದು ಅಮೆರಿಕ ಸರ್ಕಾರಕ್ಕೆ ಕೋರಿಕೆ ಪತ್ರ ಕೊಡುತ್ತದೆ. ಸರ್ಕಾರ ಬೆಲೆ ಕಟ್ಟಿ ಪ್ರಸ್ತಾವ ಪತ್ರ ಕಳಿಸುತ್ತದೆ. ದೊಡ್ಡ ಮೊತ್ತವಾದರೆ ಸಂಸತ್ತಿಗೆ ಮುಂಚಿತವಾಗಿ ತಿಳಿಸಬೇಕು. ಸಹಿಯಾದ ಮೇಲೆ ಕೊಳ್ಳುವ ದೇಶ ಟ್ರಸ್ಟ್ ಫಂಡ್ ಎಂಬ ಖಾತೆಗೆ ಮುಂಗಡ ಮತ್ತು ಕಂತುಗಳನ್ನು ತುಂಬುತ್ತದೆ. ಪೆಂಟಗನ್ ತನ್ನ ಹೆಸರಿನಲ್ಲೇ ಕಂಪನಿಯಿಂದ ಕೊಂಡು ಕೊಡುತ್ತದೆ. ಈ ಕೆಲಸಕ್ಕೆ ಆಡಳಿತ ಶುಲ್ಕ 2018ರಿಂದ ಶೇ 3.2, ಅದಕ್ಕೂ ಮುಂಚೆ ಶೇ 3.5 ಇತ್ತು. ಭಾರತ 2016ರಲ್ಲಿ 145 ಎಂ-777 ಹಗುರ ಫಿರಂಗಿ, 2020ರಲ್ಲಿ 24 ಎಂಎಚ್-60ಆರ್ ನೌಕಾ ಹೆಲಿಕಾಪ್ಟರ್ ಕೊಂಡದ್ದು ಈ ದಾರಿಯಲ್ಲೇ. ದುಡ್ಡು ಪೂರ್ತಿ ನಮ್ಮದು.

ಎಫ್‌ಎಂಎಫ್ ಎಂದರೆ ಆ ಖಾತೆಗೆ ಅಮೆರಿಕವೇ ಹಣ ಹಾಕುವುದು. ದೊಡ್ಡ ಪಾಲುದಾರರು ಇಬ್ಬರು. 2016ರ ಒಪ್ಪಂದದಂತೆ ಇಸ್ರೇಲ್‌ಗೆ 2019ರಿಂದ 2028ರ ಹಣಕಾಸು ವರ್ಷದವರೆಗೆ 3,800 ಕೋಟಿ ಡಾಲರ್. ಅದರಲ್ಲಿ ಎಫ್‌ಎಂಎಫ್ 3,300 ಕೋಟಿ, ಎಂದರೆ ವರ್ಷಕ್ಕೆ 330 ಕೋಟಿ. ಮಿಕ್ಕ 500 ಕೋಟಿ ಕ್ಷಿಪಣಿ ರಕ್ಷಣೆಗೆ. ಈಜಿಪ್ಟ್‌ಗೆ ವರ್ಷಕ್ಕೆ 130 ಕೋಟಿ. ಇಸ್ರೇಲ್‌ಗೆ ಒಂದು ವಿಶೇಷ ಸವಲತ್ತಿತ್ತು: ಹಣದ ಶೇ 26.3 ಭಾಗವನ್ನು ತನ್ನದೇ ದೇಶದ ಕಾರ್ಖಾನೆಗಳಲ್ಲಿ ಖರ್ಚು ಮಾಡಬಹುದಿತ್ತು. 2016ರ ಒಪ್ಪಂದ ಅದನ್ನು ಹಂತ ಹಂತವಾಗಿ ಇಳಿಸಿ 2028ಕ್ಕೆ ಸೊನ್ನೆಗೆ ತರುತ್ತದೆ. ಆಮೇಲೆ ಪ್ರತಿ ಡಾಲರೂ ಅಮೆರಿಕದ ಕಾರ್ಖಾನೆಗೇ.

ಇದು ಮೊದಲಿಂದಲೂ ಅನುದಾನವಾಗಿರಲಿಲ್ಲ. 1970ರ ದಶಕದ ಕೊನೆ ಮತ್ತು 80ರ ದಶಕದ ಆರಂಭದಲ್ಲಿ ಈಜಿಪ್ಟ್ ಪಡೆದದ್ದು ಬಹುಪಾಲು ಸಾಲ, ಅದೂ ಅಮೆರಿಕದಲ್ಲಿ ಬಡ್ಡಿದರ ಎರಡಂಕಿಗೆ ಏರಿದ್ದ ಕಾಲದಲ್ಲಿ. ಬಡ್ಡಿ ಕಟ್ಟಲು ಇನ್ನಷ್ಟು ನೆರವು ಬೇಕಾಯಿತು. 1985ರ ಹಣಕಾಸು ವರ್ಷದಿಂದ ಇಸ್ರೇಲ್, ಈಜಿಪ್ಟ್ ಎರಡಕ್ಕೂ ಪೂರ್ತಿ ಅನುದಾನ ಮಾಡಿದರು. ಕೊಲ್ಲಿ ಯುದ್ಧದ ಹೊತ್ತಿಗೆ ಈಜಿಪ್ಟ್‌ನ ಹಳೆಯ ಮಿಲಿಟರಿ ಸಾಲ ಸುಮಾರು 670 ಕೋಟಿ ಡಾಲರ್ ಮನ್ನಾ ಆಯಿತು. ಆಯುಧ ಸಾಲದ ಒಂದು ಗುಣ ಇಲ್ಲಿ ಕಾಣುತ್ತದೆ. ಸಾಲದಲ್ಲಿ ಕಟ್ಟಿದ ಬಂದರು ಸುಂಕ ತರುತ್ತದೆ, ರೈಲು ಟಿಕೆಟ್ ಮಾರುತ್ತದೆ. ಯುದ್ಧವಿಮಾನ ಹಾರಿದಷ್ಟೂ ಖರ್ಚೇ. ಕಂತು ಕಟ್ಟಲು ಬೇಕಾದ ಆದಾಯ ಆ ಸರಕಿನಿಂದ ಹುಟ್ಟುವುದಿಲ್ಲ.

ಅನುದಾನಕ್ಕೆ ಹಗ್ಗವೂ ಇರುತ್ತದೆ. ಅಮೆರಿಕಕ್ಕೆ ಸಾಲ ಬಾಕಿ ಉಳಿಸಿಕೊಂಡು ಒಂದು ವರ್ಷ ಮೀರಿದ ದೇಶಕ್ಕೆ ನೆರವು ನಿಲ್ಲಿಸುವ ಕಾನೂನು ಇದೆ. ಈಜಿಪ್ಟ್‌ನ 130 ಕೋಟಿಯಲ್ಲಿ ಒಂದು ಭಾಗ ಮಾನವ ಹಕ್ಕುಗಳ ಷರತ್ತಿಗೆ ಒಳಪಟ್ಟಿದೆ. 2023ರಲ್ಲಿ ಅದರಲ್ಲಿ 8.5 ಕೋಟಿ ಡಾಲರ್ ತಡೆಹಿಡಿದರು. ಬೈಡನ್ ಆಡಳಿತ ಅದೇ ಸಲ ಇನ್ನೂ 23.5 ಕೋಟಿಯ ಷರತ್ತನ್ನು ರಾಷ್ಟ್ರೀಯ ಭದ್ರತೆಯ ಕಾರಣ ಕೊಟ್ಟು ಬದಿಗಿಟ್ಟಿತು ಎಂಬುದನ್ನೂ ಸೇರಿಸಿಯೇ ಓದಬೇಕು.

ಬೆಂಗಳೂರಿಗೆ ಇದು ನೇರವಾಗಿ ತಟ್ಟಿದ ಒಂದು ಪ್ರಸಂಗವಿದೆ. ಅರ್ಜೆಂಟೀನಾ ಯುದ್ಧವಿಮಾನ ಹುಡುಕುತ್ತಿದ್ದಾಗ ಎಚ್‌ಎಎಲ್‌ನ ತೇಜಸ್ ಕೂಡ ಪಟ್ಟಿಯಲ್ಲಿತ್ತು. 2024ರ ಏಪ್ರಿಲ್‌ನಲ್ಲಿ ಆ ದೇಶ ಡೆನ್ಮಾರ್ಕ್‌ನಿಂದ 24 ಹಳೆಯ ಎಫ್-16 ಕೊಳ್ಳಲು ಸಹಿ ಹಾಕಿತು. ಆ ದಿನಗಳಲ್ಲೇ ಅಮೆರಿಕ 4 ಕೋಟಿ ಡಾಲರ್ ಎಫ್‌ಎಂಎಫ್ ಅನುದಾನ ಘೋಷಿಸಿತು. ಒಟ್ಟು ಬೆಲೆಗೆ ಹೋಲಿಸಿದರೆ ಸಣ್ಣ ಮೊತ್ತ. ತೇಜಸ್‌ಗೆ ಬೇರೆ ತೊಡಕೂ ಇತ್ತು: ಪೈಲಟ್ ಕೂರುವ ಮಾರ್ಟಿನ್-ಬೇಕರ್ ಎಜೆಕ್ಷನ್ ಸೀಟು ಬ್ರಿಟನ್ನಿನದು, ಫಾಕ್‌ಲ್ಯಾಂಡ್ ಯುದ್ಧದ ನಂತರ ಅರ್ಜೆಂಟೀನಾಕ್ಕೆ ಬ್ರಿಟಿಷ್ ಭಾಗಗಳು ಹೋಗಲು ಬ್ರಿಟನ್ ಅಡ್ಡಗಾಲು ಹಾಕುತ್ತ ಬಂದಿದೆ. ಆದರೂ ಕೈ ಖಾಲಿ ಇರುವ ಗಿರಾಕಿಗೆ ಹಣದ ಜೊತೆ ಬರುವ ವಿಮಾನದ ತೂಕವೇ ಬೇರೆ. ಎರಡು ವಿಮಾನಗಳ ರೇಡಾರ್, ವೇಗ, ವ್ಯಾಪ್ತಿಯನ್ನು ಪಕ್ಕಪಕ್ಕ ಇಟ್ಟು ಹೋಲಿಸುವ ಟಿವಿ ಚರ್ಚೆಗಳಲ್ಲಿ ಹಣದ ಈ ಲೆಕ್ಕ ಬರುವುದು ಅಪರೂಪ.

ನಮ್ಮ ದಾರಿ: ಎಕ್ಸಿಮ್ ಬ್ಯಾಂಕಿನ ಲೈನ್ ಆಫ್ ಕ್ರೆಡಿಟ್

ಭಾರತದಲ್ಲಿ ಇದಕ್ಕೆ ಬಳಸುವ ಸಾಧನ ಲೈನ್ ಆಫ್ ಕ್ರೆಡಿಟ್, ಎಂದರೆ ಒಂದು ಮಿತಿಯವರೆಗೆ ಬೇಕಾದಂತೆ ಬಳಸಿಕೊಳ್ಳಬಹುದಾದ ಸಾಲ. ಕೊಡುವುದು 1982ರಲ್ಲಿ ಶುರುವಾದ ಎಕ್ಸಿಮ್ ಬ್ಯಾಂಕ್. ಹಿಂದೆ ನಿಂತಿರುವುದು ಕೇಂದ್ರ ಸರ್ಕಾರ. ಮಾರಿಷಸ್‌ಗೆ 10 ಕೋಟಿ ಡಾಲರ್, ಮಾಲ್ಡೀವ್ಸ್‌ಗೆ 5 ಕೋಟಿ (ಎರಡೂ 2021ರ ಫೆಬ್ರುವರಿ), ಬಾಂಗ್ಲಾದೇಶಕ್ಕೆ 50 ಕೋಟಿ, ವಿಯೆಟ್ನಾಂಗೆ 10 ಕೋಟಿ: ಇವೆಲ್ಲ ರಕ್ಷಣಾ ಖರೀದಿಗೆಂದೇ ಕೊಟ್ಟ ಸಾಲದ ಮಿತಿಗಳು. ‘ಮಿತಿ’ ಎಂಬುದು ಮುಖ್ಯ. 50 ಕೋಟಿ ಡಾಲರ್ ಎಂದು ಪತ್ರಿಕೆಯಲ್ಲಿ ಬಂದ ದಿನ ಒಂದು ಪೈಸೆಯೂ ಕೈ ಬದಲಾಗಿರುವುದಿಲ್ಲ.

ನಡೆಯುವ ಕ್ರಮ ಹೀಗೆ. ಸಾಲ ಬೇಕಾದ ಸರ್ಕಾರ ತನ್ನ ದೇಶದಲ್ಲಿರುವ ಭಾರತೀಯ ರಾಯಭಾರ ಕಚೇರಿಗೆ ಕೋರಿಕೆ ಕೊಡುತ್ತದೆ. ಅದು ವಿದೇಶಾಂಗ ಸಚಿವಾಲಯಕ್ಕೆ, ಅಲ್ಲಿಂದ ಹಣಕಾಸು ಸಚಿವಾಲಯಕ್ಕೆ ಹೋಗುತ್ತದೆ. ಒಪ್ಪಿಗೆ ಸಿಕ್ಕಿದ ಮೇಲೆ ಎಕ್ಸಿಮ್ ಬ್ಯಾಂಕ್ ಮತ್ತು ಆ ದೇಶದ ಹಣಕಾಸು ಸಚಿವಾಲಯದ ನಡುವೆ ಸಾಲ ಒಪ್ಪಂದ. ಸಹಿಯಾದ ತಕ್ಷಣ ಅದು ಜಾರಿಗೆ ಬರುವುದಿಲ್ಲ. ಸಾಲ ಪಡೆಯುವ ದೇಶದ ಕಾನೂನು ಅಭಿಪ್ರಾಯ, ಸಂಪುಟದ ಒಪ್ಪಿಗೆ ಮುಂತಾದ ಪತ್ರಗಳು ಕೈಸೇರಿದ ದಿನವೇ ಜಾರಿಯ ದಿನ. ಆಮೇಲೆ ರಿಸರ್ವ್ ಬ್ಯಾಂಕ್ ಎಲ್ಲ ಬ್ಯಾಂಕುಗಳಿಗೆ ಸುತ್ತೋಲೆ ಹೊರಡಿಸುತ್ತದೆ: ಇಂಥ ದೇಶಕ್ಕೆ ಇಷ್ಟು ಸಾಲ, ಇಂಥ ಉದ್ದೇಶಕ್ಕೆ, ಇಂಥ ದಿನದಿಂದ, ಇಂಥ ಷರತ್ತಿನ ಮೇಲೆ.

ಇಷ್ಟಾದ ಮೇಲೆ ಸಾಮಾನಿನ ಆಯ್ಕೆ. ಟೆಂಡರ್ ಕರೆಯುವುದು ಸಾಲ ಪಡೆದ ದೇಶ, ಆದರೆ ಬಿಡ್ ಹಾಕಬಹುದಾದವರು ಭಾರತೀಯ ಕಂಪನಿಗಳು ಮಾತ್ರ. ಸಾಮಾನ್ಯ ನಿಯಮದಂತೆ ಒಪ್ಪಂದದ ಮೌಲ್ಯದಲ್ಲಿ ಕನಿಷ್ಠ ಶೇ 75ರಷ್ಟು ಸರಕು-ಸೇವೆ ಭಾರತದಿಂದ ಹೋಗಬೇಕು. ಗೆದ್ದ ಕಂಪನಿಯ ಒಪ್ಪಂದವನ್ನು ಎಕ್ಸಿಮ್ ಬ್ಯಾಂಕ್ ನೋಡಿ ಸಾಲದಡಿ ಸೇರಿಸಿಕೊಳ್ಳುತ್ತದೆ. ಇದರ ಜೊತೆಗೇ ರಫ್ತು ಪರವಾನಗಿ: ಮಿಲಿಟರಿ ಸಾಮಗ್ರಿಯು ಅನುಮತಿಯಿಲ್ಲದೆ ರಫ್ತು ಮಾಡಬಾರದ ಸರಕುಗಳ ‘ಸ್ಕೊಮೆಟ್’ ಪಟ್ಟಿಯ 6ನೇ ವರ್ಗದಲ್ಲಿ ಬರುತ್ತದೆ, ಅನುಮತಿ ಕೊಡುವುದು ರಕ್ಷಣಾ ಉತ್ಪಾದನಾ ಇಲಾಖೆ. ಕೊಳ್ಳುವ ಸರ್ಕಾರದಿಂದ ಅಂತಿಮ ಬಳಕೆದಾರರ ಪ್ರಮಾಣಪತ್ರ ಬೇಕು. ಸರಕು ಹಡಗು ಅಥವಾ ವಿಮಾನ ಏರಿದ ಮೇಲೆ ಕಂಪನಿ ತನ್ನ ಬ್ಯಾಂಕಿಗೆ ಇನ್‌ವಾಯ್ಸ್, ಸಾಗಣೆ ಪತ್ರ, ತಪಾಸಣಾ ಪ್ರಮಾಣಪತ್ರ ಒಪ್ಪಿಸುತ್ತದೆ. ಆ ಬ್ಯಾಂಕಿಗೆ ಎಕ್ಸಿಮ್ ಬ್ಯಾಂಕ್ ಹಣ ತುಂಬಿಕೊಡುತ್ತದೆ. ಸಾಗಿಸಿದ ಸರಕಿನ ಪೂರ್ತಿ ಮೌಲ್ಯ ಕಂಪನಿಗೆ ಬಂದಾಯಿತು. ಮುಂದೆ ಆ ದೇಶ ಕಂತು ತಪ್ಪಿಸಿದರೂ ಕಂಪನಿಯ ಹತ್ತಿರ ದುಡ್ಡು ವಾಪಸ್ ಕೇಳುವಂತಿಲ್ಲ. ರಫ್ತುದಾರರಿಗೆ ಇಡೀ ವ್ಯವಸ್ಥೆಯ ಅತಿ ದೊಡ್ಡ ಅನುಕೂಲ ಇದೇ.

ಒಂದು ಸಣ್ಣ ಷರತ್ತು ಅನೇಕರ ಕಣ್ತಪ್ಪುತ್ತದೆ. ಈ ಸಾಲದ ಹಣದಿಂದ ಏಜೆನ್ಸಿ ಕಮಿಷನ್ ಕೊಡುವಂತಿಲ್ಲ ಎಂದು ರಿಸರ್ವ್ ಬ್ಯಾಂಕಿನ ಸುತ್ತೋಲೆಗಳು ಹೇಳುತ್ತವೆ. ಕೊಡಲೇಬೇಕಾದರೆ ಕಂಪನಿ ತನ್ನ ಸ್ವಂತ ಹಣದಿಂದ, ಇಲ್ಲವೇ ತನ್ನ ವಿದೇಶಿ ಕರೆನ್ಸಿ ಖಾತೆಯಿಂದ ಕೊಡಬೇಕು. ಬೆಲೆ ಕಟ್ಟುವಾಗಲೇ ಇದನ್ನು ಲೆಕ್ಕ ಹಾಕದಿದ್ದರೆ ಲಾಭ ಅಲ್ಲೇ ಸೋರಿಹೋಗುತ್ತದೆ.

ಎಲ್ಲಿ ಸಿಕ್ಕಿಹಾಕಿಕೊಳ್ಳುತ್ತದೆ

ವಿಯೆಟ್ನಾಂನ 10 ಕೋಟಿ ಡಾಲರ್ ಸಾಲಕ್ಕೆ 2014ರಲ್ಲಿ ಒಪ್ಪಿಗೆಯಾಯಿತು. ಆ ಹಣದ 12 ವೇಗದ ಕಾವಲು ದೋಣಿಗಳ ಹಸ್ತಾಂತರ ನಡೆದದ್ದು 2022ರ ಜೂನ್‌ನಲ್ಲಿ. ಐದು ದೋಣಿ ಚೆನ್ನೈ ಬಳಿಯ ಕಾಟ್ಟುಪಳ್ಳಿಯ ಎಲ್ ಆಂಡ್ ಟಿ ಹಡಗುಕಟ್ಟೆಯಲ್ಲಿ, ಏಳು ವಿಯೆಟ್ನಾಂನ ಹಾಂಗ್ ಹಾ ಹಡಗುಕಟ್ಟೆಯಲ್ಲಿ ತಯಾರಾದವು. ಎಂಟು ವರ್ಷ ಹಿಡಿದರೂ ಇದು ಯಶಸ್ಸಿನ ಉದಾಹರಣೆಯೇ. 2016ರಲ್ಲಿ ಅದೇ ದೇಶಕ್ಕೆ ಘೋಷಿಸಿದ 50 ಕೋಟಿ ಡಾಲರ್ ವರ್ಷಗಟ್ಟಲೆ ಕಾಗದದ ಮೇಲೇ ಉಳಿಯಿತು.

ಬಾಂಗ್ಲಾದೇಶದ್ದು ಇನ್ನೊಂದು ಪಾಠ. 2017ರಲ್ಲಿ ಶೇಖ್ ಹಸೀನಾ ದೆಹಲಿಗೆ ಬಂದಾಗ ಘೋಷಣೆಯಾದ 50 ಕೋಟಿ ಡಾಲರ್ ಸಾಲದಲ್ಲಿ ಖರ್ಚಾದದ್ದು ಸಣ್ಣ ಪಾಲು. ಆ ಸಾಲದಡಿ ಕೋಲ್ಕತ್ತದ ಜಿಆರ್‌ಎಸ್‌ಇ ಹಡಗುಕಟ್ಟೆಗೆ 2024ರಲ್ಲಿ 800 ಟನ್ನಿನ ಸಾಗರ ಟಗ್ ಹಡಗಿನ ಆರ್ಡರ್ ಸಿಕ್ಕಿತು, ಮೊತ್ತ ಸುಮಾರು 2.1 ಕೋಟಿ ಡಾಲರ್. ಢಾಕಾದಲ್ಲಿ ಸರ್ಕಾರ ಬದಲಾಯಿತು. 2025ರ ಮೇ ತಿಂಗಳಲ್ಲಿ ಬಾಂಗ್ಲಾದೇಶ ಆರ್ಡರ್ ರದ್ದು ಮಾಡಿದೆ ಎಂದು ಜಿಆರ್‌ಎಸ್‌ಇ ಷೇರುಪೇಟೆಗೆ ತಿಳಿಸಿತು. ಸಾಲ ಒಪ್ಪಂದ ಹಾಗೇ ಇದ್ದರೂ ಅದರಡಿಯ ಖರೀದಿ ಒಪ್ಪಂದ ಮುರಿಯಬಹುದು; ಎರಡೂ ಬೇರೆ ಬೇರೆ ಕಾಗದ.

ಇದರ ತಿರುಗುಮುರುಗು ರೂಪವೂ ಉಂಟು. ಸಾಮಗ್ರಿ ಚೆನ್ನಾಗಿಲ್ಲ ಎಂದು ಕೊಂಡ ದೇಶ ತಕರಾರು ತೆಗೆದರೆ ಸಾಲದ ಕಂತು ನಿಲ್ಲಿಸಬಹುದೇ? ರಫ್ತು ಸಾಲದ ರೂಢಿಯಲ್ಲಿ ‘ಇಸಬೆಲ್ಲಾ ಕ್ಲಾಜ್’ ಎಂಬ ಷರತ್ತು ಇದಕ್ಕೆ ಅವಕಾಶ ಕೊಡುವುದಿಲ್ಲ: ಮಾರಿದವರ ಜೊತೆ ಜಗಳ ಏನೇ ಇರಲಿ, ಬ್ಯಾಂಕಿನ ಕಂತು ಕಟ್ಟುತ್ತಲೇ ಇರಬೇಕು. ಎಚ್‌ಎಎಲ್‌ನಿಂದ ಏಳು ಧ್ರುವ್ ಹೆಲಿಕಾಪ್ಟರ್ ಕೊಂಡ ಈಕ್ವೆಡಾರ್, ನಾಲ್ಕು ಅಪಘಾತಕ್ಕೀಡಾದ ಮೇಲೆ 2015ರಲ್ಲಿ ಒಪ್ಪಂದವನ್ನೇ ಏಕಪಕ್ಷೀಯವಾಗಿ ಕೊನೆಗೊಳಿಸಿತು. ಇಂಥ ಜಗಳ ಸಾಲದ ಮೇಲಿನ ಮಾರಾಟದಲ್ಲಿ ಎದ್ದರೆ ಕಾಗದದಲ್ಲಿ ಸಾಲಗಾರ ಕಟ್ಟಿಹಾಕಿಕೊಂಡೇ ಇರುತ್ತಾನೆ. ವಾಸ್ತವದಲ್ಲಿ ನೆಲಕ್ಕೆ ಬಿದ್ದ ಹೆಲಿಕಾಪ್ಟರ್‌ನ ಕಂತನ್ನು ಯಾವ ಸಂಸತ್ತೂ ಸಂತೋಷದಿಂದ ಮಂಜೂರು ಮಾಡುವುದಿಲ್ಲ. ವಿಷಯ ರಾಯಭಾರಿಗಳ ಮೇಜಿಗೆ ಬರುತ್ತದೆ.

ಸಾಲ ಕೊಡುವವರ ಚೀಲದ ಅಳತೆಯೂ ಅಡ್ಡ ಬರಬಹುದು. 2022ರಲ್ಲಿ ಪೋಲೆಂಡ್ ದಕ್ಷಿಣ ಕೊರಿಯಾದಿಂದ ಟ್ಯಾಂಕ್, ಹೊವಿಟ್ಜರ್, ಲಘು ಯುದ್ಧವಿಮಾನಗಳನ್ನು ದೊಡ್ಡ ಪ್ರಮಾಣದಲ್ಲಿ ಕೊಂಡಿತು. ಮೊದಲ ಸುತ್ತಿಗೆ ಕೊರಿಯಾದ ರಫ್ತು ಬ್ಯಾಂಕು ಮತ್ತು ವಿಮಾ ಸಂಸ್ಥೆ ಹಣ ಹೊಂದಿಸಿದವು. ಎರಡನೇ ಸುತ್ತಿಗೆ ಹೋಗುವಾಗ ಕಾನೂನು ಅಡ್ಡ ಬಂತು: ಒಬ್ಬನೇ ಸಾಲಗಾರನಿಗೆ ಬ್ಯಾಂಕಿನ ಸ್ವಂತ ಬಂಡವಾಳದ ಶೇ 40ಕ್ಕಿಂತ ಹೆಚ್ಚು ಕೊಡುವಂತಿಲ್ಲ. ಕೊನೆಗೆ 2024ರ ಫೆಬ್ರುವರಿಯಲ್ಲಿ ಕೊರಿಯಾ ಸಂಸತ್ತು ಕಾನೂನು ತಿದ್ದಿ ಬ್ಯಾಂಕಿನ ಬಂಡವಾಳ ಮಿತಿಯನ್ನು 15 ಲಕ್ಷ ಕೋಟಿ ವೊನ್‌ನಿಂದ 25 ಲಕ್ಷ ಕೋಟಿಗೆ ಏರಿಸಿತು. ಎರಡನೇ ಕಂತಿನ ಕೆ-2 ಟ್ಯಾಂಕ್ ಒಪ್ಪಂದಕ್ಕೆ ಸಹಿ ಬಿದ್ದದ್ದು 2025ರ ಆಗಸ್ಟ್‌ನಲ್ಲಿ. ಕಾರ್ಖಾನೆ ತಯಾರಿತ್ತು, ಗಿರಾಕಿ ತಯಾರಿದ್ದ. ಕಾಯಿಸಿದ ಕಾರಣಗಳಲ್ಲಿ ದೊಡ್ಡದು ಬ್ಯಾಂಕಿನ ಲೆಕ್ಕಪತ್ರ.

ಕಡಿಮೆ ಬಡ್ಡಿಯ ಬೆಲೆ ಎಷ್ಟು?

‘ಸಾಲ ತಾನೆ, ವಾಪಸ್ ಬರುತ್ತದೆ’ ಎಂಬ ಮಾತು ಅರ್ಧ ನಿಜ. ಉಳಿದ ಅರ್ಧಕ್ಕೆ ಒಂದು ಲೆಕ್ಕ ಮಾಡೋಣ. ಭಾರತದ ಅಭಿವೃದ್ಧಿ ಸಾಲಗಳ 2015ರ ಮಾರ್ಗಸೂಚಿಯಲ್ಲಿ ಬಡ ದೇಶಗಳಿಗೆ ಬಡ್ಡಿ ಶೇ 1.5ರಿಂದ 1.75, ಅವಧಿ 20ರಿಂದ 25 ವರ್ಷ, ಮೊದಲ 5 ವರ್ಷ ಅಸಲು ಕಟ್ಟಬೇಕಿರಲಿಲ್ಲ. ರಕ್ಷಣಾ ಸಾಲಗಳ ಷರತ್ತು ಬೇರೆಯಾಗಿರಬಹುದು. ಇಲ್ಲಿ ಉದಾಹರಣೆಗೆಂದು ಶೇ 1.75, 20 ವರ್ಷ ಇಟ್ಟುಕೊಳ್ಳೋಣ. ಸಾಲ 10 ಕೋಟಿ ಡಾಲರ್, 6ನೇ ವರ್ಷದ ಕೊನೆಯಿಂದ 15 ಸಮ ಕಂತು.

ಹೀಗಾದರೆ 20 ವರ್ಷದಲ್ಲಿ ಸಾಲಗಾರ ಕಟ್ಟುವ ಒಟ್ಟು ಬಡ್ಡಿ ಸುಮಾರು 2.28 ಕೋಟಿ ಡಾಲರ್. ಅದೇ ಹಣವನ್ನು ಬ್ಯಾಂಕು ಮಾರುಕಟ್ಟೆಯಲ್ಲಿ ಶೇ 6ಕ್ಕೆ ಎತ್ತಿದ್ದರೆ ಅದು ಕಟ್ಟಬೇಕಾದ ಬಡ್ಡಿ 7.8 ಕೋಟಿ. ನಡುವಿನ 5.5 ಕೋಟಿ ಯಾರೋ ತುಂಬಬೇಕು. ಭಾರತದಲ್ಲಿ ಅದನ್ನು ತುಂಬುವುದು ಕೇಂದ್ರ ಸರ್ಕಾರ, ಬಡ್ಡಿ ಸಮೀಕರಣ ನೆರವು ಎಂಬ ಹೆಸರಿನಲ್ಲಿ. ವರ್ಷ ವರ್ಷ ಹರಡಿಕೊಂಡಿರುವ ಈ ಮೊತ್ತವನ್ನು ಶೇ 6ರ ದರದಲ್ಲಿ ಇಂದಿನ ಬೆಲೆಗೆ ಇಳಿಸಿದರೆ ಸುಮಾರು 3.7 ಕೋಟಿ ಡಾಲರ್. ಎಂದರೆ ಎಲ್ಲ ಕಂತೂ ಸಮಯಕ್ಕೆ ಸರಿಯಾಗಿ ಬಂದರೂ ಈ ಸಾಲದ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಅನುದಾನವೇ. ಅಮೆರಿಕ 1990ರ ಕಾನೂನಿನ ನಂತರ ಸರ್ಕಾರಿ ಸಾಲಗಳಲ್ಲಿ ಈ ಅನುದಾನದ ಅಂಶವನ್ನೂ ಸಾಲ ಮುಳುಗುವ ಸಂಭವವನ್ನೂ ಲೆಕ್ಕ ಹಾಕಿ ಮೊದಲೇ ಬಜೆಟ್‌ನಲ್ಲಿ ತೋರಿಸುತ್ತದೆ. ನಮ್ಮಲ್ಲಿ ಖರ್ಚು ವರ್ಷ ವರ್ಷ ಬಿದ್ದಾಗ ಕಾಣುತ್ತದೆ. ಒಂದೊಂದು ಒಪ್ಪಂದಕ್ಕೆ ಒಟ್ಟು ಎಷ್ಟು ಬೀಳಲಿದೆ ಎಂದು ಸಹಿ ಹಾಕುವ ದಿನವೇ ಹೇಳುವ ಪದ್ಧತಿ ಬಂದರೆ ಒಳ್ಳೆಯದು.

ಹಾಗೆಂದು ಇದು ದಂಡವೇ ಎನ್ನಲು ಬರುವುದಿಲ್ಲ. ಮಾರಿದ ವಿಮಾನಕ್ಕೆ ಮುಂದಿನ 25–30 ವರ್ಷ ಬಿಡಿಭಾಗ, ರಿಪೇರಿ, ತರಬೇತಿ ಬೇಕು. ಆ ವ್ಯವಹಾರ ಸಾಮಾನ್ಯವಾಗಿ ಮಾರಿದವರ ಬಳಿಗೇ ಬರುತ್ತದೆ. ನಾವೇ ಈ ಆಟದ ಇನ್ನೊಂದು ತುದಿಯಲ್ಲಿ ದಶಕಗಟ್ಟಲೆ ಇದ್ದವರು. ಸೋವಿಯತ್ ಒಕ್ಕೂಟ ಕಡಿಮೆ ಬಡ್ಡಿಗೆ, ದೀರ್ಘಾವಧಿಗೆ ಆಯುಧ ಕೊಟ್ಟಿತು. ಭಾರತ ತೀರಿಸಿದ್ದು ರೂಪಾಯಿಯಲ್ಲಿ, ಆ ರೂಪಾಯಿಯಿಂದ ಅವರು ಚಹಾ, ಚರ್ಮದ ಸಾಮಾನು ಕೊಂಡರು. ಒಕ್ಕೂಟ ಒಡೆದಾಗ ಬಾಕಿಯನ್ನು ಯಾವ ವಿನಿಮಯ ದರದಲ್ಲಿ ಎಣಿಸಬೇಕು ಎಂಬುದೇ ಜಗಳವಾಯಿತು. ರೂಬಲ್ ಕುಸಿದಿತ್ತು, ಸಾಲವೆಲ್ಲ ಕರಗಿಹೋಯಿತು ಎಂದು ಒಂದು ಕಡೆ. ಹಳೆಯ ದರವೇ ಸರಿ ಎಂದು ಇನ್ನೊಂದು ಕಡೆ. 1993ರ ಜನವರಿಯಲ್ಲಿ ಯೆಲ್ಟ್ಸಿನ್ ದೆಹಲಿಗೆ ಬಂದಾಗ ಇತ್ಯರ್ಥವಾಗಿ, ಬಾಕಿಯ ಒಂದು ಭಾಗವನ್ನು 45 ವರ್ಷಕ್ಕೆ ಬಡ್ಡಿಯಿಲ್ಲದೆ ಹಂಚಿದರು. ಸಾಲದ ಕರೆನ್ಸಿ ಯಾವುದು ಎಂಬ ಒಂದು ಸಾಲು ಎಷ್ಟು ಭಾರವಾಗಬಹುದು ಎಂಬುದಕ್ಕೆ ಇದಕ್ಕಿಂತ ದೊಡ್ಡ ಉದಾಹರಣೆ ನಮ್ಮ ಬಳಿ ಇಲ್ಲ. ಮೇಲೆ ಹೇಳಿದ ನಮ್ಮ ರಕ್ಷಣಾ ಸಾಲಗಳು ಡಾಲರ್‌ನಲ್ಲಿವೆ. ಬಾಂಗ್ಲಾದೇಶದ ಟಾಕಾ, ಮಾಲ್ಡೀವ್ಸ್‌ನ ರುಫಿಯಾ ಕುಸಿದರೆ ಅವರ ಕಂತು ತಾನಾಗಿಯೇ ಭಾರವಾಗುತ್ತದೆ, ಬಾಕಿ ಬೀಳುವ ಸಾಧ್ಯತೆಯೂ ಅಷ್ಟೇ ಏರುತ್ತದೆ.

ಪೀಣ್ಯದ ಶೆಡ್‌ನಿಂದ ನೋಡಿದರೆ

ಎಕ್ಸಿಮ್ ಬ್ಯಾಂಕಿನಿಂದ ಹಣ ಬರುತ್ತದೆ ಎಂಬ ಭರವಸೆ ರಫ್ತುದಾರ ಕಂಪನಿಗೆ ಸಿಗುತ್ತದೆ, ಅದರ ಕೆಳಗಿನ ಸರಬರಾಜುದಾರರಿಗಲ್ಲ. ಬ್ರ್ಯಾಕೆಟ್, ಕೇಬಲ್ ಹಾರ್ನೆಸ್, ರೇಡಾರ್ ಕ್ಯಾಬಿನೆಟ್ ಮಾಡಿಕೊಡುವ ಘಟಕಕ್ಕೆ ಬರುವುದು ರೂಪಾಯಿಯ ಮಾಮೂಲಿ ಪರ್ಚೇಸ್ ಆರ್ಡರ್. ರಫ್ತು ಒಪ್ಪಂದ ರದ್ದಾದರೆ ಆ ಆರ್ಡರ್ ‘ಶಾರ್ಟ್ ಕ್ಲೋಸ್’ ಆಗಬಹುದು, ಎಂದರೆ ಅರ್ಧಕ್ಕೇ ಮುಚ್ಚಿಹೋಗಬಹುದು. ವಿಶೇಷ ಅಲ್ಯೂಮಿನಿಯಂ ಮಿಶ್ರಲೋಹ ತರಿಸಿಟ್ಟವರ ಬಂಡವಾಳ ರ‍್ಯಾಕ್‌ನಲ್ಲೇ ಕೂರುತ್ತದೆ. ಹಾಗಾಗಿ ಪರ್ಚೇಸ್ ಆರ್ಡರ್‌ನಲ್ಲಿ ರದ್ದತಿ ಪರಿಹಾರದ ಷರತ್ತು ಇದೆಯೇ, ಕಚ್ಚಾವಸ್ತುವಿನ ಬೆಲೆಯಾದರೂ ಸಿಗುತ್ತದೆಯೇ ಎಂದು ಸಹಿಗೆ ಮುಂಚೆ ನೋಡಬೇಕು. ಸಣ್ಣ ಘಟಕಗಳಿಗೆ 45 ದಿನದೊಳಗೆ ಹಣ ಕೊಡಬೇಕೆಂಬ 2006ರ ಎಂಎಸ್‌ಎಂಇ ಕಾನೂನು ರಫ್ತು ಆರ್ಡರ್‌ಗೂ ಅನ್ವಯಿಸುತ್ತದೆ. ‘ವಿದೇಶದಿಂದ ದುಡ್ಡು ಬಂದಿಲ್ಲ’ ಎಂಬುದು ಅದರಲ್ಲಿ ವಿನಾಯಿತಿಯಲ್ಲ. ನೋಂದಣಿ ಇದ್ದರೆ ಟ್ರೆಡ್ಸ್ ವೇದಿಕೆಯಲ್ಲಿ ಬಿಲ್ ಮಾರಿ ಮುಂಚೆಯೇ ಹಣ ಪಡೆಯುವ ದಾರಿಯೂ ಇದೆ.

ದೊಡ್ಡ ಕಂಪನಿಗಳ ತಲೆನೋವು ಬೇರೆ. ಸಾಲದ ಷರತ್ತು ಭಾರತೀಯ ಪಾಲು ಕೇಳುತ್ತದೆ. ನಮ್ಮ ಅನೇಕ ವ್ಯವಸ್ಥೆಗಳ ಹೃದಯ ಹೊರಗಿನದು. ತೇಜಸ್‌ನ ಎಫ್-404 ಎಂಜಿನ್ ಅಮೆರಿಕದ ಜಿಇ ಕಂಪನಿಯದು, ಮೂರನೇ ದೇಶಕ್ಕೆ ಮಾರಲು ಅಮೆರಿಕದ ಅನುಮತಿ ಬೇಕು. ನಮ್ಮ ಸಾಲ ಮಂಜೂರಾಗಿ, ನಮ್ಮ ಪರವಾನಗಿ ಸಿಕ್ಕಿ, ಕೊನೆಗೆ ಕೀಲಿ ಇನ್ನೊಬ್ಬರ ಕೈಯಲ್ಲಿರಬಹುದು. ಸಿ.ವಿ. ರಾಮನ್ ನಗರದ ಸರ್ಕಾರಿ ರೇಡಾರ್ ಪ್ರಯೋಗಾಲಯ ಎಲ್‌ಆರ್‌ಡಿಇ ವಿನ್ಯಾಸ ಮಾಡಿ ಬಿಇಎಲ್ ತಯಾರಿಸುವ ‘ಸ್ವಾತಿ’ಯಂಥ ರೇಡಾರ್‌ಗೆ ಈ ಕಾಟ ಕಡಿಮೆ. 2020ರಲ್ಲಿ ಅರ್ಮೇನಿಯಾ ಅದನ್ನು ಸುಮಾರು 4 ಕೋಟಿ ಡಾಲರ್‌ಗೆ ಕೊಂಡಿತು.

ಇನ್ನು ಸುದ್ದಿ ಓದುವ ಬಗ್ಗೆ. ಪ್ರಧಾನಿಯ ಪ್ರವಾಸದಲ್ಲಿ ಘೋಷಣೆಯಾದ ಮೊತ್ತ, ಸಾಲ ಒಪ್ಪಂದದ ಮೊತ್ತ, ಅದರಡಿ ಸೇರಿದ ಖರೀದಿ ಒಪ್ಪಂದಗಳ ಮೊತ್ತ, ನಿಜವಾಗಿ ಬಿಡುಗಡೆಯಾದ ಮೊತ್ತ ಇವು ನಾಲ್ಕು ಬೇರೆ ಅಂಕಿಗಳು, ಸಾಮಾನ್ಯವಾಗಿ ಇದೇ ಕ್ರಮದಲ್ಲಿ ಚಿಕ್ಕದಾಗುತ್ತ ಹೋಗುತ್ತವೆ. ಸರ್ಕಾರ ಕೊಟ್ಟ ಖಾತರಿಗಳ ಪಟ್ಟಿ ಕೇಂದ್ರ ಬಜೆಟ್‌ನ ಸ್ವೀಕೃತಿ ಪುಸ್ತಕದ ಅನುಬಂಧದಲ್ಲಿದೆ. ಒಂದು ವರ್ಷದಲ್ಲಿ ಕೊಡುವ ಹೊಸ ಖಾತರಿ ಜಿಡಿಪಿಯ ಶೇ 0.5 ಮೀರಬಾರದು ಎಂಬ ಮಿತಿಯೂ ಇದೆ. ಎಕ್ಸಿಮ್ ಬ್ಯಾಂಕಿಗೆ ಕೊಡುವ ಬಡ್ಡಿ ನೆರವನ್ನು ಬಜೆಟ್‌ನಲ್ಲಿ ಹಣಕಾಸು ಸಚಿವಾಲಯದ ಅನುದಾನ ಬೇಡಿಕೆಗಳಲ್ಲಿ ಹುಡುಕಬೇಕು. ಒಂದು ನಿರ್ದಿಷ್ಟ ಸಾಲದ ಬಗ್ಗೆ ತಿಳಿಯಬೇಕಾದರೆ ರಿಸರ್ವ್ ಬ್ಯಾಂಕಿನ ಜಾಲತಾಣದ ಸುತ್ತೋಲೆಯೇ ಒಳ್ಳೆಯ ಕಾಗದ: ಜಾರಿಯಾದ ದಿನಾಂಕ, ಉದ್ದೇಶ, ಭಾರತೀಯ ಪಾಲಿನ ಶೇಕಡಾವಾರು, ಹಣ ಬಳಸಿ ಮುಗಿಸಬೇಕಾದ ಕೊನೆಯ ಗಡುವು ಎಲ್ಲವೂ ಅದರಲ್ಲಿರುತ್ತವೆ. ಒಂದು ದೇಶಕ್ಕೆ ಸಾಲ ಘೋಷಣೆಯಾಗಿದೆ ಎಂಬ ಸುದ್ದಿ ನಂಬಿ ಹೊಸ ಯಂತ್ರಕ್ಕೆ ಮುಂಗಡ ಕೊಡಲು ಹೊರಟವರು ಮೊದಲು ಆ ಸುತ್ತೋಲೆ ಬಂದಿದೆಯೇ ನೋಡಲಿ. ಬಂದಿದ್ದರೆ ಗಡುವಿಗೆ ಎಷ್ಟು ತಿಂಗಳು ಉಳಿದಿದೆ ಎಂದು ಎಣಿಸಲಿ.